ಅರ್ಧ ದಿನದಲ್ಲಿ ಕೆಂಪೇಗೌಡರ ಪೇಟೆ ಸುತ್ತುವುದು ಹೇಗೆ?

ಊರಿಂದ ನೆಂಟರು ಬಂದರೆ ವಿಧಾನಸೌಧದ ಮುಂದೊಂದು ಫೋಟೊ, ಆಮೇಲೆ ಯಾವುದಾದರೂ ಮಾಲ್. ಈ ಸಲ ಪೇಟೆಗೆ ಕರೆದುಕೊಂಡು ಹೋಗಿ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ನೆಲೆಗೊಳಿಸಿದ ಊರು ಅದೇ. ಕಾರು ಬೇಡ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬಿಸಿಲೇರುತ್ತದೆ.

ಬೆಳಗ್ಗೆ ಏಳರ ಹೊತ್ತಿಗೆ ಹಸಿರು ಮಾರ್ಗದ ಮೆಟ್ರೊ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಿರಿ. ಮೊದಲು ಹೂವಿನ ಸಾಲು. ಸೇವಂತಿಗೆ, ಕನಕಾಂಬರದ ರಾಶಿಗಳ ನಡುವೆ ಹೊರೆ ಹೊತ್ತವರು ಬಂದರೆ ಮೊದಲು ದಾರಿ ಬಿಡಿ, ಫೋಟೊ ಆಮೇಲೆ. ನೆಲ ಒದ್ದೆಯಿರುತ್ತದೆ, ಹಳೇ ಚಪ್ಪಲಿಯೇ ಸರಿ.

ಅಲ್ಲಿಂದ ಕೃಷ್ಣರಾಜೇಂದ್ರ ರಸ್ತೆಯ ಕೋಟೆಗೆ ನಾಲ್ಕು ಹೆಜ್ಜೆ. ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ ಈ ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲು, ಒಂದಿಷ್ಟು ಗೋಡೆ, ಒಳಗೊಂದು ಗಣಪನ ಗುಡಿ. ಇಷ್ಟೇನಾ ಅನ್ನಿಸಬಹುದು. ಆದರೂ ಬಾಗಿಲ ಎತ್ತರ, ಗೋಡೆಯ ದಪ್ಪ ನೋಡಿ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ನುಗ್ಗಿ ಹಿಡಿದ ಕೋಟೆಯಿದು. ಹತ್ತಿರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ತಂದೆ 1781ರಲ್ಲಿ ಶುರು ಮಾಡಿಸಿದ್ದನ್ನು ಮಗ ಮುಗಿಸಿದ್ದು ಕೋಟೆ ಕೈಬಿಟ್ಟ ಅದೇ 1791ರಲ್ಲಿ. ತೇಗದ ಕಂಬಗಳ ನೆರಳಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ ಇನ್ನೂ ಹಳೆಯದು, ಚಿಕ್ಕದೇವರಾಜ ಒಡೆಯರ ಕಾಲದ್ದು.

ಈಗ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ. ಇದು ಚಿಕ್ಕಪೇಟೆಯನ್ನು ದಾಟುವ ಚೌಕದಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಊರಿನ ಬೀದಿಗಳನ್ನು ಗುರುತಿಸಿದರೆಂಬ ಕಥೆಯಿದೆ. ಅಲ್ಲಿ ಒಂದು ಗಳಿಗೆ ನಿಂತು ಸುತ್ತ ನೋಡಿ, ದ್ವಿಚಕ್ರದವರು ಬಿಟ್ಟರೆ! ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಅಂತ ಕಸುಬಿಗೊಂದು ಪೇಟೆ. ಎಲ್ಲವನ್ನೂ ಮುಗಿಸುವ ಹಟ ಬೇಡ. ಹಳೇ ಪುಸ್ತಕದಂಗಡಿಗಳಲ್ಲಿ ಚೌಕಾಸಿ ಮಾಡಿ, ತಿಗಳರಪೇಟೆಯ ಧರ್ಮರಾಯ ದೇವಸ್ಥಾನ ನೋಡಿಕೊಂಡು ಬನ್ನಿ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದಲೇ. ದಾರಿಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ.

ಕಾಲಲ್ಲಿ ಕಸುವಿದ್ದರೆ ಚಿಕ್ಕಪೇಟೆ ನಿಲ್ದಾಣದಿಂದ ಲಾಲ್‌ಬಾಗ್‌ಗೆ ಹೋಗಿ. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಮಧ್ಯಾಹ್ನ ಅದು ಕಾದ ಕಾವಲಿ, ಸಂಜೆ ಹತ್ತಿ.

ಕೆಂಪೇಗೌಡರಿಗೂ ಹಿಂದಿನದು ಬೇಕೆನ್ನುವವರು ಇನ್ನೊಂದು ದಿನ ಬೇಗೂರಿಗೆ ಹೋಗಬೇಕು. ಸುಮಾರು ಕ್ರಿ.ಶ. 890ರ ಅಲ್ಲಿನ ಶಾಸನದಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಇವತ್ತಿಗೆ ಮಾತ್ರ ಗಾಂಧಿಬಜಾರಿನ ಮಸಾಲೆ ದೋಸೆ ಸಾಕು. ಶುಕ್ರವಾರ ಬಿಟ್ಟು ಹೊರಡಿ, ಅಂದು ಅಲ್ಲಿನ ವಿದ್ಯಾರ್ಥಿ ಭವನ ಹೋಟೆಲಿಗೆ ರಜೆ.