ಡಂಬಳದ ಹೊಲದಲ್ಲಿ ಉಲ್ಕೆ ಎಣಿಸಿದ ರಾತ್ರಿ

ಗದಗಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಈ ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯರು ಹೇಳಿಕೊಟ್ಟ ಪಾಠ ಒಂದೇ: ಪದ ಓದಬೇಡ, ಅಕ್ಷರ ಓದು. ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ಬಿಟ್ಟುಹೋಗಿದ್ದರೂ ಮನಸ್ಸು ಅದನ್ನು ತಾನೇ ಸೇರಿಸಿಕೊಂಡು ಮುಂದೆ ಸಾಗುತ್ತದೆ. ಕಾಗದದ ಮೇಲೆ ಏನಿರಬೇಕೋ ಅದನ್ನಲ್ಲ, ಏನಿದೆಯೋ ಅದನ್ನು ನೋಡುವುದಕ್ಕೆ ಕಣ್ಣನ್ನು ಪಳಗಿಸಬೇಕು. ಆಕಾಶ ನೋಡಲು ಕುಳಿತಾಗ ನನ್ನ ಕೈಲಿದ್ದ ಬಂಡವಾಳವೂ ಇಷ್ಟೇ. ದೂರದರ್ಶಕ ಇರಲಿಲ್ಲ, ಇಂದಿಗೂ ಇಲ್ಲ.

ಮೊದಲಾದದ್ದು 2020ರ ಜನವರಿಯಲ್ಲಿ. ಆರ್ದ್ರಾ ನಕ್ಷತ್ರ ಮಂಕಾಗುತ್ತಿದೆ ಎಂಬ ಸುದ್ದಿಯ ಕರಡು ನನ್ನ ಮೇಜಿಗೆ ಬಂತು. ಅಂದು ರಾತ್ರಿ ಬೆಟಗೇರಿಯ ನಮ್ಮ ಮನೆಯ ಮಾಳಿಗೆ ಏರಿ, ಬೇಟೆಗಾರನ ಆಕಾರದ ಮಹಾವ್ಯಾಧ ನಕ್ಷತ್ರಪುಂಜವನ್ನು ಹುಡುಕಿದೆ. ಒಂದು ಭುಜದಲ್ಲಿ ಕೆಂಪಗಿರುವ ಆರ್ದ್ರಾ ಸಾಮಾನ್ಯವಾಗಿ ರೋಹಿಣಿಗಿಂತ ಪ್ರಖರ. ಅಂದು ಅದು ರೋಹಿಣಿಗಿಂತ ಕಡಿಮೆಯಿತ್ತು. ಪ್ರತಿ ರಾತ್ರಿ ನೋಡಿ, ಯಾವ ನಕ್ಷತ್ರಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ ಎಂದು ಬರೆದಿಡತೊಡಗಿದೆ. ಫೆಬ್ರವರಿಯ ನಡುವೆ ಆರ್ದ್ರಾ ಮಹಾವ್ಯಾಧನ ಇನ್ನೊಂದು ಭುಜದ ನಕ್ಷತ್ರಕ್ಕೆ ಸಮನಾಗಿ ನಿಂತಿತು. ಅಂದರೆ ಕಾಂತಿಮಾನ 1.6ರ ಸುಮಾರು; ಪ್ರಖರತೆಯ ಈ ಅಳತೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಏಪ್ರಿಲ್ ಹೊತ್ತಿಗೆ ಚೇತರಿಸಿಕೊಂಡಿತು. ನಕ್ಷತ್ರವೇ ಹೊರಗೆಸೆದ ಅನಿಲ ತಣಿದು ದೂಳಾಗಿ ನಮ್ಮ ಕಣ್ಣಿಗೆ ಅಡ್ಡ ಬಂದಿತ್ತು ಎಂದು ವಿಜ್ಞಾನಿಗಳು ಆಮೇಲೆ ವಿವರಿಸಿದರು. ಅದನ್ನು ಕಂಡುಕೊಳ್ಳಲು ದೊಡ್ಡ ದೂರದರ್ಶಕಗಳು ಬೇಕಾದವು. ಆದರೆ ನಕ್ಷತ್ರ ಮಂಕಾಗಿದೆ ಎಂಬುದಕ್ಕೆ ನನ್ನ ವಹಿಯ ಹನ್ನೆರಡು ಸಾಲುಗಳೂ ಸಾಕ್ಷಿಯಾಗಿದ್ದವು. ಅಂದಿನಿಂದ ಈ ಕೆಲಸ ನನ್ನನ್ನು ಬಿಟ್ಟಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಮಿಥುನ ಉಲ್ಕಾವೃಷ್ಟಿ ನೋಡಲು ಹೊರಟೆ. ನಮ್ಮ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಉಲ್ಕಾವೃಷ್ಟಿ ಇಲ್ಲ. ಜಗತ್ತೆಲ್ಲ ಕೊಂಡಾಡುವ ಪರ್ಸೀಡ್ ಉಲ್ಕೆಗಳು ಬರುವುದು ಆಗಸ್ಟ್‌ನಲ್ಲಿ. ಆಗ ಧಾರವಾಡದಿಂದ ಗದಗಿನವರೆಗೆ ಮೋಡದ ಚಪ್ಪರ. ಡಿಸೆಂಬರ್‌ನಲ್ಲಿ ಮಳೆ ಹಿಂದೆ ಸರಿದಿರುತ್ತದೆ, ರಾತ್ರಿ ಉದ್ದ, ಮಿಥುನ ರಾಶಿ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ಉಳಿದ ಉಲ್ಕಾವೃಷ್ಟಿಗಳಲ್ಲಿ ಹೆಚ್ಚಿನವು ಧೂಮಕೇತುಗಳ ದೂಳಿನಿಂದ ಆದವು. ಇದರ ಮೂಲ ಮಾತ್ರ 1983ರಲ್ಲಿ ಐರಾಸ್ ಎಂಬ ಉಪಗ್ರಹದ ಚಿತ್ರಗಳಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಅದು ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ, ಬುಧನ ಕಕ್ಷೆಗಿಂತಲೂ ಒಳಗೆ ಹೋಗಿ ಬರುತ್ತದೆ. ಅದು ಉದುರಿಸಿದ ಕಣಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ಬಂದು ಉರಿಯುತ್ತವೆ. ನವೆಂಬರ್‌ನ ಸಿಂಹ ಉಲ್ಕೆಗಳ ವೇಗ ಇದರ ಎರಡರಷ್ಟು. ಅದಕ್ಕೇ ಮಿಥುನದ ಉಲ್ಕೆ ಕಣ್ಣಿಗೆ ಸಮಾಧಾನವಾಗಿ ಸಿಗುತ್ತದೆ. ಹೊಸಬರು ಎಣಿಕೆ ಕಲಿಯಲು ತಕ್ಕದ್ದು.

ಆ ವರ್ಷ ಅಮಾವಾಸ್ಯೆಯ ಹಿಂದಿನ ರಾತ್ರಿ, ಕಡುಗತ್ತಲೆ. ಸೋದರಳಿಯ, ಅವನ ಗೆಳೆಯ, ನಾನು ಮೂವರೂ ಊರಾಚೆಯ ಬಯಲಿನಲ್ಲಿ ಒಂಬತ್ತಕ್ಕೆ ಕುಳಿತು ಹನ್ನೆರಡಕ್ಕೆ ಎದ್ದೆವು. ಯಾರಿಗೆ ಕಂಡರೂ ಕೂಗಬೇಕು, ನಾನು ಗೆರೆ ಹಾಕಬೇಕು. ಗಂಟೆಗೆ 120 ಉಲ್ಕೆ ಎಂದು ಪತ್ರಿಕೆಗಳು ಬರೆದಿದ್ದವು. ಮೊದಲ ಗಂಟೆಯಲ್ಲಿ ಅಷ್ಟು ಕಾಣದೆ ಹುಡುಗರು ಬೇಸರಗೊಂಡರು.

ಆ ರಾತ್ರಿಯ ಹಾಳೆಯನ್ನು ಆಮೇಲೆ ನಾನೇ ಅಡ್ಡಗೆರೆ ಎಳೆದು ರದ್ದು ಮಾಡಿದೆ. ಎರಡು ತಪ್ಪುಗಳಾಗಿದ್ದವು, ಎರಡೂ ಮೂಲಕ್ಕೇ ಸಂಬಂಧಿಸಿದವು.

ಒಂದೇ ಕರಡನ್ನು ಮೂವರು ಓದಿದರೆ ಒಬ್ಬನಿಗಿಂತ ಹೆಚ್ಚು ತಪ್ಪು ಸಿಗುತ್ತವೆ. ಉಲ್ಕೆಗಳೂ ಹಾಗೆಯೇ. ಗಂಟೆಗೆ ಇಷ್ಟು ಎಂಬ ಲೆಕ್ಕವೆಲ್ಲ ಒಬ್ಬನ ಒಂದು ಜೊತೆ ಕಣ್ಣಿಗೆ ಸಂಬಂಧಿಸಿದ್ದು. ಮೂವರ ಎಣಿಕೆ ಕೂಡಿಸಿದರೆ ಅದನ್ನು ಬೇರೆ ಊರಿನ, ಬೇರೆ ವರ್ಷದ ಯಾವ ಎಣಿಕೆಯ ಪಕ್ಕದಲ್ಲೂ ಇಡಲು ಬರುವುದಿಲ್ಲ. ಎಷ್ಟು ಜನ ಕುಳಿತರೂ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಎಣಿಸಬೇಕು. ಪಕ್ಕದವರ ಉದ್ಗಾರ ಕೇಳಿ ತಿರುಗಿ ನೋಡಿದ್ದನ್ನು ಬರೆಯಬಾರದು.

ಎರಡನೆಯದು ಹೊತ್ತಿನ ತಪ್ಪು. ಉಲ್ಕೆಯ ಕಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಕೂರಿಗೆಯ ಸಾಲುಗಳು ಹೊಲದ ಆಚೆ ತುದಿಯಲ್ಲಿ ಕೂಡಿದಂತೆ ಕಾಣುವ ಹಾಗೆ, ಈ ಉಲ್ಕೆಗಳ ಗೆರೆಗಳನ್ನೂ ಹಿಂದಕ್ಕೆ ಎಳೆದರೆ ಪುನರ್ವಸು ನಕ್ಷತ್ರಗಳ ಹತ್ತಿರ ಒಂದೆಡೆ ಕೂಡುತ್ತವೆ. ಅದು ಅವುಗಳ ಉಗಮಬಿಂದು. ಗದಗಿನಲ್ಲಿ ಆ ಬಿಂದು ಮೂಡುವುದು ರಾತ್ರಿ ಪೌಣೆ ಎಂಟರ ಸುಮಾರಿಗೆ, ನೆತ್ತಿಯ ಸಮೀಪ ಬರುವುದು ಎರಡು ಗಂಟೆ ದಾಟಿದ ಮೇಲೆ. ಒಂಬತ್ತಕ್ಕೆ ಅದು ದಿಗಂತದಿಂದ ಕೇವಲ 16 ಡಿಗ್ರಿ ಮೇಲಿರುತ್ತದೆ; ಆಗ ಕಾಣುವುದು ನೆತ್ತಿಯಲ್ಲಿದ್ದಾಗ ಕಾಣುವುದರ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಪತ್ರಿಕೆಯ 120 ಎಂಬುದು ಬಿಂದು ಸರಿಯಾಗಿ ನೆತ್ತಿಯ ಮೇಲಿದ್ದು, 6.5 ಕಾಂತಿಮಾನದ ಕ್ಷೀಣ ನಕ್ಷತ್ರವೂ ಕಾಣುವಷ್ಟು ಶುದ್ಧ ಆಕಾಶವಿದ್ದಾಗಿನ ಸಂಖ್ಯೆ. ಆ ಷರತ್ತನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಅಚ್ಚು ಹಾಕುವುದರಿಂದ ಎಷ್ಟೋ ಮಕ್ಕಳು ಅರ್ಧ ಗಂಟೆ ನೋಡಿ ನಿರಾಶರಾಗಿ ಒಳಗೆ ಹೋಗುತ್ತಾರೆ. ನಮ್ಮ ಮುದ್ರಣಾಲಯಕ್ಕೆ ಇಂಥ ಸುದ್ದಿ ಬಂದಾಗ ಆ ಒಂದು ಸಾಲು ಸೇರಿಸುವಂತೆ ಕೇಳಿಕೊಳ್ಳುತ್ತೇನೆ.

2023ಕ್ಕೆ ಸರಿಯಾಗಿ ಸಿದ್ಧನಾದೆ. ಆ ಡಿಸೆಂಬರ್ 12 ಕಾರ್ತಿಕ ಅಮಾವಾಸ್ಯೆ. ಉಲ್ಕೆಗಳ ಉತ್ಕರ್ಷ 14ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹನ್ನೆರಡೂವರೆಯ ಸುಮಾರಿಗೆ ಎಂದು ಲೆಕ್ಕವಿತ್ತು. ಆ ಹೊತ್ತಿನಲ್ಲಿ ಅಮೆರಿಕದಲ್ಲಿ ಹಗಲು, ಯುರೋಪಿನಲ್ಲಿ ಇನ್ನೂ ಸಂಜೆ, ಮಿಥುನ ಅಲ್ಲಿ ಆಗತಾನೇ ಮೇಲೇರುತ್ತಿರುತ್ತದೆ. ಎತ್ತರದ ಆಕಾಶದಲ್ಲಿ ಅದನ್ನು ಕಾಣುವವರು ನಾವು. ಅನುಭವಿ ವೀಕ್ಷಕರು ಹೆಚ್ಚಿರುವ ಆ ದೇಶಗಳಲ್ಲಿ ಹಗಲೋ ಸಂಜೆಯೋ ಇರುವಾಗ ಇಲ್ಲಿಂದ ಹೋಗುವ ಒಂದೊಂದು ಹಾಳೆಗೂ ಬೆಲೆಯಿದೆ. ಇಂದು ರಾಡಾರ್‌ಗಳು, ವಿಡಿಯೊ ಕ್ಯಾಮೆರಾ ಜಾಲಗಳು ಉಲ್ಕೆಯ ಪಥವನ್ನು ಕಣ್ಣಿಗಿಂತ ಎಷ್ಟೋ ನಿಖರವಾಗಿ ಹಿಡಿಯುತ್ತವೆ, ನಿಜ. ಆದರೆ ಮಿಥುನ ಉಲ್ಕೆಗಳನ್ನು ಜನ ಮೊದಲು ಗುರುತಿಸಿದ್ದು 1862ರಲ್ಲಿ. ಅಂದು ನೋಡಿದ್ದೂ ಬರಿಗಣ್ಣಿನಿಂದಲೇ. ಅವು ವರ್ಷ ಕಳೆದಂತೆ ಹೆಚ್ಚಿವೆಯೇ ಎಂದು ಹೇಳಬೇಕಾದರೆ ಕಣ್ಣಿನ ಎಣಿಕೆಯ ಸರಣಿ ಕಡಿಯಬಾರದು. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಉಲ್ಕಾ ಸಂಘಟನೆ ಇಂಥ ಎಣಿಕೆಗಳನ್ನು ಒಂದೇ ನಮೂನೆಯಲ್ಲಿ ಕೂಡಿಸುತ್ತದೆ. ನಾನು ಕಳಿಸುವುದು ಅಲ್ಲಿಗೆ.

ಜಾಗ ಆರಿಸಿದ್ದು ಡಂಬಳದ ಹತ್ತಿರ, ಪರಿಚಯದ ಹಿರಿಯ ರೈತರೊಬ್ಬರ ಹೊಲ. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದ ಆಕಾರದ್ದು. ಸಂಜೆಯ ಬೆಳಕಿನಲ್ಲಿ ಅದನ್ನೊಮ್ಮೆ ಸುತ್ತಿ ಬಂದೇ ಹೊಲಕ್ಕೆ ಹೋದೆ. ಕಪ್ಪತಗುಡ್ಡದ ಮೇಲೆ ಇನ್ನೂ ಒಳ್ಳೆಯ ಕತ್ತಲೆ ಇರಬಹುದು, ಆದರೆ 2019ರಿಂದ ಅದು ವನ್ಯಜೀವಿಧಾಮ. ರಾತ್ರಿ ಅಲ್ಲಿ ನಮಗೇನು ಕೆಲಸ? ಗುಡ್ಡದ ಕಡೆಯ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತಿದ್ದವು. ಹೊರಸನ್ನು ಅವುಗಳಿಗೆ ಬೆನ್ನಾಗುವಂತೆ ತಿರುಗಿಸಿ, ತಲೆಯ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿಕೊಂಡೆ. ಕುಳಿತು ನೋಡಿದರೆ ಹತ್ತು ನಿಮಿಷದಲ್ಲಿ ಕುತ್ತಿಗೆ ಸೋಲುತ್ತದೆ.

ಕಾಕಾ ರೊಟ್ಟಿ, ಶೇಂಗಾ ಚಟ್ನಿ ತಂದು ಪಕ್ಕದಲ್ಲಿ ಕುಳಿತರು. ಎಣಿಕೆಗೆ ಇನ್ನೂ ಹೊತ್ತಿತ್ತು. ಪೂರ್ವದಲ್ಲಿ ಏರುತ್ತಿದ್ದ ಕೆಂಪು ನಕ್ಷತ್ರ ತೋರಿಸಿ, “ಅದೇ ಆರಿದ್ರಾ, ಕಾಕಾ” ಎಂದೆ.

“ಆರಿದ್ರಾ ಎಂದರೆ ಮಳೆಯಲ್ಲವೇ ತಮ್ಮಾ? ಅದಕ್ಕೊಂದು ಚುಕ್ಕಿಯೂ ಇದೆಯೇ?”

‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ಹೇಳುತ್ತಲೇ ಬಿತ್ತುತ್ತ ಬಂದವರು ಅವರು. ರೋಹಿಣಿ, ಮೃಗಶಿರಾ, ಆರಿದ್ರಾ, ಪುಷ್ಯ, ಆಶ್ಲೇಷಾ, ಎಲ್ಲ ಹೆಸರೂ ಅವರ ನಾಲಿಗೆಯ ಮೇಲಿವೆ. ಚುಕ್ಕಿ ಮಾತ್ರ ಕಂಡಿರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸೂರ್ಯ ಆ ನಕ್ಷತ್ರದ ನೆರೆಯಲ್ಲಿರುವ ಜೂನ್ ಕೊನೆಯ ದಿನಗಳಿಗೇ ಆರಿದ್ರಾ ಮಳೆ ಎಂದು ಹೆಸರು. ಮಳೆ ಬರುವಾಗ ಚುಕ್ಕಿ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಚುಕ್ಕಿ ರಾತ್ರಿಯಿಡೀ ಕಾಣುವಾಗ ಹೊಲದಲ್ಲಿ ಕಡಲೆ ಇರುತ್ತದೆ. ಇದನ್ನು ಹೇಳಿದಾಗ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪುಷ್ಯ ಎಲ್ಲಿ, ಮಘಾ ಯಾವಾಗ ಮೂಡುತ್ತದೆ ಎಂದು ಒಂದೊಂದಾಗಿ ಕೇಳಿದರು. ಹತ್ತು ಗಂಟೆಯವರೆಗೆ ಕೇಳಿ, ಕೌದಿ ಹೊದ್ದು ಗುಡಿಸಿಲಲ್ಲಿ ಮಲಗಿದರು.

ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು. ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಅದಕ್ಕೆ ನಾನು ಬರೆಯುವುದಿಲ್ಲ, ಹೇಳುತ್ತೇನೆ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಧ್ವನಿಮುದ್ರಣ ಹಚ್ಚಿ, ಅದರ ಪರದೆಗೆ ಕಪ್ಪು ಕಾಗದ ಅಂಟಿಸಿ ಎದೆಯ ಮೇಲಿಟ್ಟುಕೊಳ್ಳುತ್ತೇನೆ. ಕೈಗಡಿಯಾರ ಕಾಲು ಗಂಟೆಗೊಮ್ಮೆ ಸದ್ದು ಮಾಡುತ್ತದೆ. ಉಲ್ಕೆ ಕಂಡರೆ ಎರಡು ಮಾತು: “ಮಿಥುನ, ಎರಡು” ಅಥವಾ “ಬಿಡಿ, ಮೂರು”. ಹಿಂದಕ್ಕೆ ಎಳೆದ ಗೆರೆ ಪುನರ್ವಸುವಿನ ಹತ್ತಿರ ಹೋದರೆ, ವೇಗವೂ ಹೊಂದಿದರೆ ಮಿಥುನ. ಎರಡರಲ್ಲಿ ಒಂದು ತಪ್ಪಿದರೂ ಬಿಡಿ ಉಲ್ಕೆ. ಸಂಖ್ಯೆ ಕಾಂತಿಮಾನದ್ದು. ಬ್ರಹ್ಮಹೃದಯದಷ್ಟಿದ್ದರೆ ಸೊನ್ನೆ, ರೋಹಿಣಿಯಷ್ಟಿದ್ದರೆ ಒಂದು, ಧ್ರುವದಷ್ಟಿದ್ದರೆ ಎರಡು. ಕಂಡೆನೋ ಇಲ್ಲವೋ ಎಂಬ ಸಂಶಯ ಬಂದರೆ ಬಾಯಿ ಬಿಡುವುದಿಲ್ಲ. ಈ ಕೊನೆಯ ನಿಯಮ ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಒಂದರ ಹಿಂದೆ ಒಂದು ಮೂರು ಉಲ್ಕೆ ಬಿದ್ದ ಮೇಲೆ ಮನಸ್ಸು ನಾಲ್ಕನೆಯದನ್ನು ತಾನೇ ಸೃಷ್ಟಿಸಲು ನೋಡುತ್ತದೆ, ಥೇಟ್ ಅರ್ಕಾವೊತ್ತಿನಂತೆ.

ಗಂಟೆಗೊಮ್ಮೆ ಆಕಾಶದ ಶುದ್ಧಿಯನ್ನೂ ಅಳೆಯಬೇಕು. ಅದಕ್ಕೆ ಗೊತ್ತುಪಡಿಸಿದ ನಕ್ಷತ್ರ ತ್ರಿಕೋನಗಳಿವೆ. ಒಂದರೊಳಗೆ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ಎಣಿಸಿ ಕೋಷ್ಟಕ ನೋಡಿದರೆ, ಕಣ್ಣಿಗೆ ಸಿಗುವ ಅತಿ ಕ್ಷೀಣ ಕಾಂತಿಮಾನ ತಿಳಿಯುತ್ತದೆ. ಆ ರಾತ್ರಿ ಡಂಬಳದಲ್ಲಿ ನನಗೆ ಸಿಕ್ಕಿದ್ದು 6.0.

ಹತ್ತೂವರೆಯಿಂದ ಹನ್ನೊಂದೂವರೆಗೆ 44 ಮಿಥುನ ಉಲ್ಕೆಗಳು. ಹನ್ನೆರಡೂವರೆಯಿಂದ ಒಂದೂವರೆಗೆ 64. ಮುಂದಿನ ಗಂಟೆಯಲ್ಲಿ 61. ಹಿಂದಿನ ಬಾರಿಯಂತೆ ಯಾರೂ ಕೂಗುವವರಿರಲಿಲ್ಲ. ದೂರದಲ್ಲೊಂದು ನಾಯಿ, ಕಡಲೆ ಗಿಡಗಳ ಹುಳಿ ವಾಸನೆ, ಕೌದಿಯ ಮೇಲೆ ಇಳಿಯುತ್ತಿದ್ದ ಇಬ್ಬನಿ.

64 ಎಂಬುದನ್ನು ಹಾಗೆಯೇ ಕಳಿಸಬೇಕು, ಆದರೆ ಅದರ ಅರ್ಥ ತಿಳಿಯಲು ಎರಡು ತಿದ್ದುಪಡಿ ಬೇಕು. ಆಕಾಶ 6.5ರ ಬದಲು 6.0 ಇದ್ದುದಕ್ಕೆ 1.61ರಿಂದ ಗುಣಿಸಬೇಕು. ಈ ಉಲ್ಕೆಗಳಲ್ಲಿ ಒಂದೊಂದು ಕಾಂತಿಮಾನ ಮಂಕಾದಂತೆ ಉಲ್ಕೆಗಳ ಸಂಖ್ಯೆ ಸುಮಾರು 2.6 ಪಟ್ಟು ಹೆಚ್ಚುತ್ತದೆ. ಅರ್ಧ ಕಾಂತಿಮಾನಕ್ಕೆ ಅದರ ವರ್ಗಮೂಲ. ಉಗಮಬಿಂದು ಆ ಗಂಟೆಯ ನಡುವೆ 64 ಡಿಗ್ರಿ ಎತ್ತರದಲ್ಲಿತ್ತು, ಅದಕ್ಕೆ 0.9ರಿಂದ ಭಾಗಿಸಬೇಕು. ಬಂದದ್ದು ಸುಮಾರು 115. ಪತ್ರಿಕೆಯ ಸಂಖ್ಯೆಯನ್ನು ನಾನು ಮುಟ್ಟಿದ್ದು ಹೀಗೆ, ಮೂರು ವರ್ಷ ತಡವಾಗಿ.

ಅದೇ ಗಂಟೆ ಬೆಟಗೇರಿಯ ಮಾಳಿಗೆಯಲ್ಲಿ ಮಗಳು ಎಣಿಸುತ್ತಿದ್ದಳು. ಬೀದಿದೀಪಗಳ ನಡುವೆ ಅವಳಿಗೆ ಸಿಕ್ಕ ಆಕಾಶ 4.2, ಉಲ್ಕೆಗಳು 11. ಫೋನಿನಲ್ಲಿ ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸಿದೆ: ಆ ಆಕಾಶಕ್ಕೆ ಗುಣಕ 9, ಅದೇ 0.9ರಿಂದ ಭಾಗಿಸಿದರೆ 110. ಹನ್ನೊಂದೇ ಉಲ್ಕೆಗಳ ಲೆಕ್ಕದಲ್ಲಿ ಏರುಪೇರು ದೊಡ್ಡದು; ಇನ್ನೊಂದು ವರ್ಷ ಇಷ್ಟು ಹತ್ತಿರ ಬರಲಿಕ್ಕಿಲ್ಲ. ಅದನ್ನೂ ಅವಳಿಗೆ ಹೇಳಿದೆ. ಆದರೂ ಊರೊಳಗಿನ ಮಾಳಿಗೆಯಿಂದ ಏನೂ ಆಗುವುದಿಲ್ಲ ಎಂದು ಇನ್ನು ಯಾರೂ ನನಗೆ ಹೇಳಬಾರದು.

ಕಳಿಸಿದ ವರದಿಯಲ್ಲಿ ನಾಲ್ಕರಿಂದ ನಾಲ್ಕೂವರೆಯ ಸಾಲು ಇಲ್ಲ. ಧ್ವನಿಮುದ್ರಣದಲ್ಲಿ 4:06ಕ್ಕೆ “ಮಿಥುನ, ಮೂರು” ಎಂದಿದ್ದೇನೆ. ಅದರ ನಂತರ ಕಾಲು ಗಂಟೆಯ ಗಡಿಯಾರದ ಸದ್ದು ಕೇಳಿಸುತ್ತದೆ, ಅದಕ್ಕೆ ನನ್ನ ಉತ್ತರವಿಲ್ಲ. ಕಣ್ಣು ಮುಚ್ಚಿತ್ತು. 4:21ಕ್ಕೆ ರೆಪ್ಪೆಯ ಮೇಲೆ ಬೆಳಕು ಬಿದ್ದಂತಾಗಿ ಕಣ್ಣು ಬಿಟ್ಟೆ. ಪಶ್ಚಿಮದಲ್ಲಿ ಹಸಿರುಬಿಳಿಯ ಬೆಂಕಿಯುಂಡೆಯೊಂದು ಇಳಿಯುತ್ತಿತ್ತು. ಶುಕ್ರನಿಗಿಂತ ಪ್ರಖರ. ಹೊರಸಿನ ಕಾಲಿನ ನೆರಳು ಕಡಲೆ ಗಿಡಗಳ ಮೇಲೆ ಓಡಿದ್ದನ್ನು ಕಂಡೆ. ಅದು ಆರಿದ ಮೇಲೂ ಗೆರೆ ಎರಡು ಮೂರು ಸೆಕೆಂಡು ಉಳಿದಿತ್ತು. ಇಷ್ಟು ವರ್ಷಗಳಲ್ಲಿ ನಾನು ಕಂಡ ಅತಿ ದೊಡ್ಡ ಉಲ್ಕೆ ಅದು.

ಎಷ್ಟು ನಿಮಿಷ ನಿದ್ದೆ ಹೋಗಿದ್ದೆ ಎಂಬುದು ಗೊತ್ತಿಲ್ಲದ ಮೇಲೆ ಆ ಅರ್ಧ ಗಂಟೆಯಲ್ಲಿ ಎಷ್ಟು ಹೊತ್ತು ನೋಡಿದೆ ಎಂದು ಬರೆಯಲು ಬರುವುದಿಲ್ಲ. ನೋಡಿದ ಹೊತ್ತು ತಿಳಿಯದೆ ಎಣಿಕೆಗೆ ಅರ್ಥವಿಲ್ಲ. ಸಾಲನ್ನು ಹೊಡೆದುಹಾಕಿದೆ. ಉಲ್ಕೆ ನನ್ನ ವಹಿಯ ಅಂಚಿನಲ್ಲಿದೆ, ಪೆನ್ಸಿಲ್ಲಿನಲ್ಲಿ, ಹೊತ್ತು ಮತ್ತು ದಿಕ್ಕಿನೊಡನೆ.