ಮೃಗಶಿರಾ ಹಿಡಿಯುವ ಮೊದಲು: ಮಳೆಗಾಲಕ್ಕೆ ಮನೆಯನ್ನು ಅಣಿಗೊಳಿಸುವ ಬಗೆ

ಯುಗಾದಿಗೆ ಮನೆಯನ್ನು ತೊಳೆದು, ಬಳಿದು, ಚೊಕ್ಕಟಗೊಳಿಸುವ ಪದ್ಧತಿ ನಾಡಿನ ಎಲ್ಲ ಕಡೆಯೂ ಇದೆ. ನಮ್ಮ ಶಿರಸಿ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ, ನೆಂಟರು ಬಂದು ಉಳಿಯುತ್ತಾರೆಂಬ ಕಾರಣಕ್ಕೆ, ಆ ಕೆಲಸ ಇನ್ನಷ್ಟು ಮುಂಚಿತವಾಗಿಯೇ ನಡೆಯುತ್ತದೆ. ಆದರೆ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುವ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆ ಶುಚಿಗೊಳಿಸುವುದೆಂದರೆ ಮೊದಲು ನೀರಿಗೆ ದಾರಿ ಮಾಡಿಕೊಡುವುದು ಎಂದೇ ನಾನು ತಿಳಿದಿದ್ದೇನೆ. ಬಣ್ಣ, ಪರದೆ, ಪಾತ್ರೆಗಳ ಹೊಳಪು ಎಲ್ಲವೂ ಅದರ ನಂತರದ ಮಾತು. ಮೇ ತಿಂಗಳ ಕೊನೆಯಲ್ಲಿ ರೋಹಿಣಿ, ಜೂನ್ 7ರ ಸುಮಾರಿಗೆ ಮೃಗಶಿರಾ. ಅಲ್ಲಿಂದ ಮುಂದೆ ಮಾಡಿನ ಮೇಲೆ ಕಾಲಿಡುವಂತಿಲ್ಲ, ಗೋಡೆ ಒಣಗುವಂತಿಲ್ಲ, ಕರೆದರೂ ಗೌಂಡಿ ಸಿಗುವಂತಿಲ್ಲ. ಆದ್ದರಿಂದ ಕೆಲಸವನ್ನು ನೆತ್ತಿಯಿಂದ ಆರಂಭಿಸಿ ನೆಲಕ್ಕೆ ಇಳಿಯುವಂತೆ ಹೊಂದಿಸಿಕೊಳ್ಳಬೇಕು.

ಹಂಚಿನ ಮನೆಯವರು ಮಾಡಿನ ಕೆಲಸವನ್ನು ಏಪ್ರಿಲ್ ಮುಗಿಯುವುದರೊಳಗೆ ಮಾಡಿಸಿಬಿಡುವುದು ಒಳ್ಳೆಯದು. ಮೇ ತಿಂಗಳಲ್ಲಿ ಎಲ್ಲರಿಗೂ ಒಮ್ಮೆಲೇ ಮಾಡು ನೆನಪಾಗುವುದರಿಂದ ಹಂಚು ಕೈಯಾಡಿಸಲು ಬಲ್ಲವರು ಸಿಗುವುದು ಕಷ್ಟ. ಮೇಲಾಗಿ ಆಗ ಸಂಜೆಯ ಗುಡುಗು ಮಳೆಯ ಭಯವೂ ಇರುತ್ತದೆ. ಹಂಚನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ಹಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿದರೆ, ಗಟ್ಟಿಯಾದದ್ದು ಕಂಚಿನಂತೆ ಕಣಕಣಿಸುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕಾಗಿ ಒಡೆದು ಬರುತ್ತದೆ. ಅಂಥದ್ದನ್ನು ಮತ್ತೆ ಹೊದಿಸಬಾರದು. ಹಂಚಿನ ಅಂಚಿನಲ್ಲಿರುವ ಕಾಲುವೆಯಂಥ ಗೀರುಗಳನ್ನು ನೋಡಿರಿ: ಒಂದರ ಏಣು ಇನ್ನೊಂದರ ಗೀರಿನಲ್ಲಿ ಕೂತು, ಸಂದಿಗೆ ಇಳಿದ ನೀರನ್ನು ಕೆಳಗಿನ ಹಂಚಿನ ಬೆನ್ನಿಗೆ ಸಾಗಿಸುವುದೇ ಆ ಗೀರಿನ ಕೆಲಸ. ಅದರಲ್ಲಿ ಒಣಗಿದ ಹಾವಸೆ, ಎಲೆಯ ಪುಡಿ, ಇರುವೆಯ ಮಣ್ಣು ತುಂಬಿದರೆ ಹಂಚು ಚೆನ್ನಾಗಿದ್ದೂ ಮನೆ ಸೋರುತ್ತದೆ. ಸೋರುವ ಮಾಡುಗಳಲ್ಲಿ ಎಷ್ಟೋ ಒಡೆದ ಹಂಚಿನಿಂದಲ್ಲ, ಈ ಗೀರು ಕಟ್ಟಿದ್ದರಿಂದಲೇ ಸೋರುತ್ತವೆ. ತೆಂಗಿನ ನಾರಿನ ಗಟ್ಟಿ ಬ್ರಷ್ಷಿನಿಂದ ಅದನ್ನು ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ ಹೊದಿಸಬೇಕು.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯುದ್ದಕ್ಕೂ ಅನೇಕ ಕಾರ್ಖಾನೆಗಳು ಹುಟ್ಟಿಕೊಂಡವು, ಮತ್ತು ಒಬ್ಬೊಬ್ಬರ ಅಚ್ಚಿನ ಅಳತೆಯಲ್ಲೂ ಕೂದಲೆಳೆಯ ವ್ಯತ್ಯಾಸ ಉಳಿಯಿತು. ಒಂದು ಅಚ್ಚಿನ ಹಂಚಿನ ನಡುವೆ ಇನ್ನೊಂದು ಅಚ್ಚಿನದನ್ನು ಸೇರಿಸಿದರೆ ಅದು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಹಂಚಿನ ಹೊಟ್ಟೆಯ ಮೇಲಿನ ಮುದ್ರೆಯನ್ನು ಓದಿ, ಅದೇ ಮುದ್ರೆಯ ಹಳೆಯ ಹಂಚುಗಳು ಎಲ್ಲಾದರೂ ಮನೆ ಕೆಡವಿದಲ್ಲಿ ಸಿಕ್ಕರೆ ಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿಟ್ಟುಕೊಳ್ಳಿ. ಮಂಗಗಳು ಓಡಾಡುವ ಊರುಗಳಲ್ಲಂತೂ ಈ ದಾಸ್ತಾನು ಮಳೆಯ ನಡುವೆ ಮನೆಯನ್ನು ಕಾಯುತ್ತದೆ.

ಹಂಚು ಇಳಿಸಿದಾಗಲೇ ಮಾಡಿನ ಇಳಿಜಾರು ಮರಗಳಾದ ಪಕಾಸುಗಳನ್ನು, ಅವುಗಳ ಮೇಲೆ ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳನ್ನು ಚೂರಿಯ ಹಿಡಿಯಿಂದ ಕುಟ್ಟುತ್ತಾ ಹೋಗಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಒರಲೆ (ಗೆದ್ದಲು) ಇದೆ ಎಂದು ಅರ್ಥ. ಹಿಂದೆ ಒಲೆಯ ಹೊಗೆ ದಿನವಿಡೀ ಅಟ್ಟಕ್ಕೆ ಏರುತ್ತಿತ್ತು. ಆ ಹೊಗೆ ಮರವನ್ನು ಒಣಗಿಸುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಅಡುಗೆಮನೆಗೆ ಗ್ಯಾಸ್ ಬಂದು ಹೆಂಗಸರ ಕಣ್ಣು, ಎದೆ ಉಳಿದದ್ದು ದೊಡ್ಡ ಲಾಭವೇ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಕೈಯಾರೆ ಮಾಡಬೇಕಾಗಿದೆ ಎಂಬುದನ್ನು ಮರೆಯಬಾರದು. ಅದಕ್ಕೆ ಗೇರೆಣ್ಣೆಯಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಎಣ್ಣೆಯನ್ನು ಒಣಗಿದ ಮರಕ್ಕೆ ತೆಳ್ಳಗೆ ಎರಡು ಸಲ, ನಡುವೆ ಪೂರ್ತಿ ಆರಲು ಬಿಟ್ಟು, ಹಚ್ಚಬೇಕು. ಗೋಡೆಯೊಳಗೆ ಹುದುಗುವ ತುದಿಗಳಿಗೆ ಒಂದು ಕೈ ಹೆಚ್ಚೇ ಹಚ್ಚಿರಿ, ಏಕೆಂದರೆ ಮರ ಕೆಡಲು ತೊಡಗುವುದು ಅಲ್ಲಿಂದಲೇ. ಗೇರೆಣ್ಣೆ ಚರ್ಮಕ್ಕೆ ತಗುಲಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ. ಕೈಗವಸು ಹಾಕಿಕೊಳ್ಳಿ, ಮೈಗೆ ಮೊದಲೇ ತೆಂಗಿನೆಣ್ಣೆ ಸವರಿಕೊಳ್ಳಿ, ಮಕ್ಕಳನ್ನು ಆ ದಿನ ಹತ್ತಿರ ಬಿಡಬೇಡಿ. ಅದನ್ನು ಮನೆಯೊಳಗೆ ಕಾಯಿಸುವ ಸಾಹಸವನ್ನಂತೂ ಮಾಡಲೇಬಾರದು.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಈಗ ಹೆಚ್ಚಿನವರದು ತಾರಸಿ ಮನೆ. ಅಲ್ಲಿ ಮಳೆಗಿಂತ ಮೊದಲೇ ಕೆಲಸ ಮಾಡುವ ಶತ್ರು ಇನ್ನೊಂದಿದೆ. ಅದು ಕಡಲ ಗಾಳಿಯ ಉಪ್ಪು. ಕಿಟಕಿಯ ಮೇಲಿನ ಸಜ್ಜಾದ ತಳವನ್ನು, ತಾರಸಿಯ ಅಂಚನ್ನು, ಬಚ್ಚಲಿನ ಮೇಲ್ಛಾವಣಿಯನ್ನು ಹಗಲು ಬೆಳಕಿನಲ್ಲಿ ತಲೆಯೆತ್ತಿ ನೋಡಿರಿ. ಕಬ್ಬಿಣದ ಸರಳು ಹೋದ ಗೆರೆಯಲ್ಲೇ ನೇರವಾದ ಬಿರುಕು, ಅದರ ಅಕ್ಕಪಕ್ಕ ಕಂದು ಕಲೆ, ಆಮೇಲೆ ಗಾರೆ ಉಬ್ಬಿ ಹಪ್ಪಳೆಯಾಗಿ ಉದುರುವುದು, ಹೀಗೆ ರೋಗ ಮುಂದುವರಿಯುತ್ತದೆ. ಉಪ್ಪಿನ ತೇವ ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಸುತ್ತಲ ಕಾಂಕ್ರೀಟನ್ನು ಒಡೆದು ಹೊರದೂಡುತ್ತದೆ. ಇಂಥಲ್ಲಿ ಮೇಲಿಂದ ಸಿಮೆಂಟು ಮೆತ್ತಿ ಸುಣ್ಣ ಹೊಡೆಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆದು, ಸರಳನ್ನು ತಂತಿ ಬ್ರಷ್ಷಿನಿಂದ ಬೆಳ್ಳಗಾಗುವಂತೆ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆಯಿಂದ ತುಂಬಿಸಬೇಕು. ಬಿರುಕು ಕಂಬದಲ್ಲೋ ತೊಲೆಯಲ್ಲೋ ಇದ್ದರೆ ಗೌಂಡಿಯ ಮಾತಿಗೆ ನಿಲ್ಲದೆ ಎಂಜಿನಿಯರರನ್ನು ಕರೆಯಿಸಿ ತೋರಿಸಿ.

ತಾರಸಿಯ ಮೇಲೆ ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಯಲು ನಾಲ್ಕು ಕೊಡ ನೀರು ಚೆಲ್ಲಿದರೆ ಸಾಕು; ನಿಂತಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಸೋರಿಕೆ ಸಾಮಾನ್ಯವಾಗಿ ನಡುಭಾಗದಲ್ಲಿ ಇರುವುದಿಲ್ಲ. ತಾರಸಿಗೂ ಸುತ್ತಲ ಕಟ್ಟೆಗೂ ಕೂಡುವ ಮೂಲೆಯಲ್ಲಿ, ನೀರಿಳಿಯುವ ಕೊಳವೆಯ ಬಾಯಿಯಲ್ಲಿ, ಟ್ಯಾಂಕಿನ ಅಡಿಯಲ್ಲಿ ಅದನ್ನು ಹುಡುಕಬೇಕು. ಜಲನಿರೋಧಕ ಲೇಪ ಹಚ್ಚುವುದಾದರೆ ಮೊದಲು ಹಾವಸೆಯನ್ನು ಬೇರುಸಹಿತ ಕೆರೆದು ತೊಳೆದು, ಎರಡು ಮೂರು ದಿನ ಬಿಸಿಲಿಗೆ ಒಣಗಲು ಬಿಟ್ಟು, ಮೊದಲ ಕೈಯನ್ನು ಉದ್ದಕ್ಕೂ ಎರಡನೆಯದನ್ನು ಅಡ್ಡಕ್ಕೂ ಹಚ್ಚಿಸಬೇಕು. ಧೂಳಿನ ಮೇಲೆ ಹಚ್ಚಿದ ಲೇಪ ಎಷ್ಟೇ ಬೆಲೆಬಾಳುವುದಾಗಿದ್ದರೂ ಆರಿದ್ರಾ ಮಳೆಗೇ ಸುಲಿದು ಬರುತ್ತದೆ. ಕೊಳವೆಯ ಬಾಯಿಗೆ ಜಾಲರಿ ಕೂರಿಸಲು ಮರೆಯಬೇಡಿ.

ಗೋಡೆಯ ಮಾತಿಗೆ ಬಂದರೆ, ಚಿರೇಕಲ್ಲಿನ ಹಳೆಯ ಗೋಡೆಗೆ ಚಿಪ್ಪಿನ ಸುಣ್ಣವೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಆ ಕಲ್ಲು ತೇವವನ್ನು ಹೀರಿಕೊಂಡು ನಿಧಾನವಾಗಿ ಹೊರಬಿಡುವ ಸ್ವಭಾವದ್ದು. ಸುಣ್ಣ ಅದಕ್ಕೆ ಅವಕಾಶ ಕೊಡುತ್ತದೆ, ಎಣ್ಣೆ ಬಣ್ಣ ಬಾಯಿ ಕಟ್ಟುತ್ತದೆ, ಕಟ್ಟಿದ ತೇವ ಒಳಗಿನಿಂದ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ. ದೀಪಾವಳಿಗೆ ಬಣ್ಣ ಹೊಡೆಸುವ ಚಾಳಿ ಬಯಲುಸೀಮೆಗೆ ಹೊಂದಬಹುದು, ನಮ್ಮಲ್ಲಿ ಆ ಹೊತ್ತಿಗೆ ಗೋಡೆಯ ಹೊಟ್ಟೆಯಲ್ಲಿ ಮಳೆಗಾಲ ಇನ್ನೂ ಉಳಿದಿರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳೇ ಅದಕ್ಕೆ ತಕ್ಕವು. ಮಳೆ ಬಡಿಯುವ ನೈರುತ್ಯ ಮತ್ತು ಪಶ್ಚಿಮದ ಗೋಡೆಗಳಿಗೆ ಅಡಿಕೆ ಸೋಗೆಯ ಅಥವಾ ತೆಂಗಿನ ಗರಿಯ ತಟ್ಟಿ ಕಟ್ಟುವ ಹಿರಿಯರ ಕ್ರಮವನ್ನು ಬಿಡಬೇಡಿ. ಸೋಗೆ ಸಿಗದವರು ಪ್ಲಾಸ್ಟಿಕ್ ಹಾಳೆ ಕಟ್ಟುತ್ತಾರೆ. ಕಟ್ಟಲಿ, ಆದರೆ ಗೋಡೆಗೂ ಹಾಳೆಗೂ ನಡುವೆ ಒಂದು ಗೇಣು ಗಾಳಿಯಾಡುವಂತೆ ಗಳುಗಳನ್ನು ಹೊರಚಾಚಿ ಕಟ್ಟಬೇಕು.

ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತದೆಂದು ಬಡಿಗನಿಂದ ಕೀಸಿಸಿದರೆ ಬೇಸಿಗೆಯಲ್ಲಿ ಸಂದಿ ಬಿಡುತ್ತದೆ. ಬಾಗಿಲಿನ ತಲೆ ಮತ್ತು ತಳದ ಅಂಚುಗಳಿಗೆ ಬಣ್ಣವೋ ಅಗಸೆ ಎಣ್ಣೆಯೋ ತಾಗಿರುವುದೇ ಅಪರೂಪ. ಬಾಗಿಲನ್ನು ಕಳಚಿ ಆ ಎರಡು ಅಂಚುಗಳಿಗೆ ಅದನ್ನು ಚೆನ್ನಾಗಿ ಹಚ್ಚಿದರೆ ಉಬ್ಬುವುದು ಎಷ್ಟೋ ಕಡಿಮೆಯಾಗುತ್ತದೆ. ಕಡಲ ಸಮೀಪದವರು ಬಿಜಾಗ್ರಿ, ಚಿಲಕಗಳನ್ನು ಹಿತ್ತಾಳೆಯಲ್ಲೋ ಸ್ಟೇನ್‌ಲೆಸ್ ಸ್ಟೀಲಿನಲ್ಲೋ ಹಾಕಿಸಿಕೊಂಡರೆ ಮತ್ತೆ ಮತ್ತೆ ಬದಲಿಸುವ ತಾಪತ್ರಯ ತಪ್ಪುತ್ತದೆ.

ಇನ್ನು ಅಂಗಳ ಮತ್ತು ಹಿತ್ತಲು. ಅಡಿಕೆ ಒಣಗಿಸಿದ ಚಪ್ಪರವನ್ನು ಇಳಿಸಿ, ಗಳು ಕಂಬಗಳನ್ನು ಸೂರಿನಡಿ ಅಡ್ಡಕ್ಕೆ ಜೋಡಿಸಿಡಬೇಕು. ಮಳೆಗಾಲದ ಕಟ್ಟಿಗೆಯನ್ನು ಗೋಡೆಗೆ ಒರಗಿಸದೆ, ನೆಲದಿಂದ ಕಲ್ಲಿನ ಮೇಲೆ ಎತ್ತರಿಸಿ ಒಟ್ಟಿದರೆ ಒರಲೆಯೂ ಹಾವೂ ಮನೆಗೆ ದಾರಿ ಮಾಡಿಕೊಳ್ಳುವುದಿಲ್ಲ. ಕೊಟ್ಟಿಗೆಗೆ ಕಾಡಿನಿಂದ ದರಕು (ಒಣ ಎಲೆ) ತರುವವರು ಮಂಗನ ಕಾಯಿಲೆಯನ್ನು ಹಗುರವಾಗಿ ಎಣಿಸಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಆ ಜ್ವರ ಸಿದ್ದಾಪುರದ ಕಡೆಗೂ ಬಂದಿದೆ, ಅದನ್ನು ಹರಡುವ ಉಣುಗು (ಉಣ್ಣೆ) ಬೇಸಿಗೆಯಲ್ಲೇ ಹೆಚ್ಚು. ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು, ಸಾಬೂನಿನಿಂದ ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು.

ಮನೆಯ ಸುತ್ತಲ ಚರಂಡಿಯನ್ನು ಸಲಿಕೆಯಿಂದ ಬಿಡಿಸುವಾಗ, ಬಿದ್ದ ನೀರು ಗೋಡೆಯ ಬುಡದಿಂದ ದೂರ ಹರಿಯುತ್ತದೆಯೇ ಎಂದು ಒಂದು ಕೊಡ ಚೆಲ್ಲಿ ನೋಡಿರಿ. ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇದ್ದವರಿಗೆ ನನ್ನ ಕಳಕಳಿಯ ಮಾತೊಂದಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಧರೆಯ ನೆತ್ತಿಯಲ್ಲಿ ನೀರು ಇಂಗದಂತೆ ಅಗಳು ತೋಡಿ ಪಕ್ಕಕ್ಕೆ ತಿರುಗಿಸಿ. ನೆತ್ತಿಯಲ್ಲಿ ಹೊಸ ಬಿರುಕು, ಮರ ವಾಲಿರುವುದು, ಬುಡದಿಂದ ಇದ್ದಕ್ಕಿದ್ದಂತೆ ಕೆಸರು ನೀರು ಒಸರುವುದು, ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿಯನ್ನು ಬೇರೆ ಮನೆಯಲ್ಲಿ ಕಳೆದು ಪಂಚಾಯತಿಗೆ ತಿಳಿಸಬೇಕು. ಮನೆಯ ಮೇಲೆ ಚಾಚಿದ ಕೊಂಬೆಗಳನ್ನು, ಒಣಗಿದ ತೆಂಗಿನ ಹೆಡೆಗಳನ್ನು ಈಗಲೇ ಇಳಿಸಿಬಿಡಿ. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ಮಾತ್ರ ತಾವೇ ಕಡಿಯದೆ ಹೆಸ್ಕಾಂ ಸಿಬ್ಬಂದಿಗೆ ಹೇಳಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುವುದರಿಂದ ಮೊದಲ ಸಿಡಿಲಿನ ದಿನಗಳಿಗೆ ಮುನ್ನ ಅದಕ್ಕೂ ನೀರೆರೆಯಬೇಕು.

ಬಾವಿಯ ಹೂಳು ತೆಗೆಸಲು ನೀರು ತಳ ಕಂಡಿರುವ ಮೇ ತಿಂಗಳೇ ಸಕಾಲ. ಮೊದಲು ಉರಿಯುವ ಲಾಟೀನನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು, ಆರದಿದ್ದರೂ ಇಳಿದವರ ಸೊಂಟಕ್ಕೆ ಹಗ್ಗ ಇರಲೇಬೇಕು, ಮೇಲೆ ಇಬ್ಬರು ನಿಂತಿರಲೇಬೇಕು. ಹೊಸ ನೀರು ಬಂದ ಮೇಲೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕದಡಿ, ಗಸಿ ಕೆಳಗೆ ಕೂರಲು ಬಿಟ್ಟು, ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಹಾಕಿ, ಬೆಳಿಗ್ಗೆ ನೀರು ಸೇದಿಕೊಳ್ಳಬಹುದು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಅದಕ್ಕೆ 24 ಗ್ರಾಂ ಸಾಕು.

ಮನೆಯೊಳಗಿನ ಶುಚಿ ಇಷ್ಟೆಲ್ಲ ಆದ ಮೇಲೆ. ಅಟ್ಟದ ಇಲ್ಲಣ (ಮಸಿ ಹಿಡಿದ ಜೇಡರಬಲೆ) ಹೊಡೆದು, ಕಂಬಳಿ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಪುಸ್ತಕಗಳನ್ನು ಬಿಡಿಸಿ ಗಾಳಿಗಿಟ್ಟು, ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿದರೆ ಬೂಷ್ಟು ಬಹಳ ಮಟ್ಟಿಗೆ ತಡೆಯುತ್ತದೆ.

ಮೊದಲ ದೊಡ್ಡ ಮಳೆ ಬಂದ ದಿನ ಟಾರ್ಚು ಹಿಡಿದು ಅಟ್ಟ ಹತ್ತಿರಿ. ನೀರು ತೊಟ್ಟಿಕ್ಕುವ ಜಾಗಕ್ಕೂ ಅದು ಒಳಬರುವ ಜಾಗಕ್ಕೂ ಸಂಬಂಧವಿರುವುದಿಲ್ಲ. ಅದು ಪಕಾಸಿನ ಮೇಲೆ ಮಾರುದೂರ ಜಾರಿ ಬಂದಿರುತ್ತದೆ. ಒದ್ದೆಯ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿ, ಅದು ಶುರುವಾದ ಹಂಚಿನಡಿಯ ರೀಪಿಗೆ ಸೀಮೆಸುಣ್ಣದ ಗುರುತು ಹಾಕಿಟ್ಟರೆ, ಮಳೆ ಬಿಟ್ಟು ಮಾಡು ಒಣಗಿದ ದಿನ ಆ ಒಂದು ಹಂಚನ್ನಷ್ಟೇ ಎತ್ತಿ ಸರಿಪಡಿಸಬಹುದು.