ಬಿಸಿಲಿಗೆ ಏರಿದ ಒತ್ತಡ: ಟೈರಿನ ಗಾಳಿ ಬಿಡಬೇಡಿ

ಏಪ್ರಿಲ್‌ನ ಒಂದು ಮಧ್ಯಾಹ್ನ ಸೋಲಾಪುರದಿಂದ ವಿಜಯಪುರಕ್ಕೆ ಬೈಕಿನಲ್ಲಿ ಬಂದಿಳಿದೆ. ಪಂಕ್ಚರ್ ಅಂಗಡಿಯ ಹುಡುಗ ಹಿಂದಿನ ಗಾಲಿಗೆ ಮೀಟರ್ ಹಚ್ಚಿ, ‘ಗಾಳಿ ಹೆಚ್ಚಾಗಿದೆ ಕಾಕಾ, ಸ್ವಲ್ಪ ಬಿಡಲೇ?’ ಎಂದು ಕೇಳಿದ. ಹೂಂ ಎಂದೆ. ಮರುದಿನ ಬೆಳಿಗ್ಗೆ ಟೈರ್ ಮೆತ್ತಗಾಗಿತ್ತು. ಪಂಕ್ಚರ್ ಆಗಿರಲಿಲ್ಲ, ಇರಬೇಕಾದ ಗಾಳಿಯನ್ನೇ ಹೊರಗೆ ಬಿಟ್ಟಿದ್ದೆವು.

ಗಾಳಿ ತುಂಬಿದ ಟೈರ್ ಹೆಚ್ಚೇನೂ ಹಿಗ್ಗುವುದಿಲ್ಲ. ಕಾದ ಡಾಂಬರು, ಚಕ್ರ ಉರುಳುವಾಗಿನ ರಬ್ಬರಿನ ಮಡಚಾಟ, ಎರಡೂ ಸೇರಿ ಒಳಗಿನ ಗಾಳಿಯನ್ನು ಬಿಸಿ ಮಾಡುತ್ತವೆ. ಆಗ ಗಾಳಿಯ ಅಣುಗಳು ವೇಗ ಪಡೆದು ಒಳಗೋಡೆಗೆ ಜೋರಾಗಿ, ಪದೇ ಪದೇ ಬಡಿಯುತ್ತವೆ. ಒಂದು ಹನಿ ಗಾಳಿ ಸೇರದಿದ್ದರೂ ಒತ್ತಡ ಏರುತ್ತದೆ.

ಎಷ್ಟು ಏರುತ್ತದೆ? ಬೆಳಿಗ್ಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರ್ 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸಿತು ಎನ್ನಿ. ಮೀಟರ್ ಹೊರಗಿನ ವಾತಾವರಣದ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಜಯಪುರದಲ್ಲಿ ಅದು ಸುಮಾರು 14. ಕೂಡಿಸಿದರೆ 42. ಒತ್ತಡ ಏರುವುದು ಕೆಲ್ವಿನ್ ಎಂಬ ಉಷ್ಣತೆಯ ಅಳತೆಗೆ ತಕ್ಕಂತೆ. ಹಾಗಾಗಿ ಉಷ್ಣತೆಗೆ 273 ಸೇರಿಸಿ ಕೆಲ್ವಿನ್‌ಗೆ ತನ್ನಿ: 300. ಮಧ್ಯಾಹ್ನ ಟೈರಿನ ಗಾಳಿ 57 ಡಿಗ್ರಿಗೆ ಏರಿದರೆ 330. ಅಂದರೆ ಹತ್ತನೇ ಒಂದು ಪಾಲು ಹೆಚ್ಚಳ. ಒತ್ತಡವೂ ಅಷ್ಟೇ ಪಾಲು ಏರಿ 46 ಆಗುತ್ತದೆ, ಮೀಟರಿನಲ್ಲಿ 32. ಹೆದರಿ ಆ ನಾಲ್ಕನ್ನು ಬಿಟ್ಟರೆ ಮರುದಿನ ಬೆಳಿಗ್ಗೆ ಉಳಿಯುವುದು 24 ಮಾತ್ರ. ಮೆತ್ತಗಿನ ಟೈರ್ ಇನ್ನಷ್ಟು ಮಡಚಿ, ಇನ್ನಷ್ಟು ಕಾಯುತ್ತದೆ. ಅಪಾಯ ಇರುವುದು ಅಲ್ಲಿ.

ಹಾಗಾಗಿ ಹೀಗೆ ಮಾಡಿ. ಬೆಳಿಗ್ಗೆ, ಗಾಡಿ ಹೊರಡುವ ಮೊದಲೇ, ನೆರಳಿನಲ್ಲಿ ನಿಲ್ಲಿಸಿ ಗಾಳಿ ನೋಡಿ. ವಾಲ್ವಿನ ಟೋಪಿ ಬಿಚ್ಚಿ, ಮೀಟರನ್ನು ನೇರವಾಗಿ ಒತ್ತಿ ಹಿಡಿಯಿರಿ. ‘ಸುಯ್’ ಎನ್ನುತ್ತಿದ್ದರೆ ಮೀಟರ್ ಓರೆಯಾಗಿದೆ, ಲೆಕ್ಕ ತಪ್ಪುತ್ತದೆ. ಎರಡು ಸಲ ಅಳೆಯಿರಿ. ಬೈಕಿನ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರುವ ಅಂಕಿಗೆ ಹೋಲಿಸಿ. ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿಯನ್ನು ನೋಡಬೇಡಿ, ಅದು ಗರಿಷ್ಠ ಮಿತಿ. ಇಬ್ಬರು ಕೂರುವುದಾದರೆ ಹಿಂದಿನ ಗಾಲಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ.

ದಾರಿಯಲ್ಲಿ ಕಾದ ಟೈರ್ ಕೂಡ ಆ ಅಂಕಿಗಿಂತ ಕಡಿಮೆ ತೋರಿಸಿದರೆ ತಡಮಾಡದೆ ಗಾಳಿ ಹಾಕಿಸಿ, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ತಣ್ಣಗಿದ್ದಾಗಲೇ ಹೆಚ್ಚಿದ್ದರೆ ಮಾತ್ರ ಬಿಡಿ.

ಬಿಸಿಗೆ ಒಳಗಿನ ಒತ್ತಡ ಏರುವುದರಿಂದಲೇ ಸೆಂಟಿನ ಸ್ಪ್ರೇ ಡಬ್ಬಿಯನ್ನೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. 50 ಡಿಗ್ರಿ ಮೀರಬಾರದೆಂದು ಅದರ ಮೇಲೆಯೇ ಬರೆದಿರುತ್ತದೆ. ಅದಕ್ಕೆ ವಾಲ್ವ್ ಒತ್ತಿ ನೋಡುವ ಮೀಟರ್ ಇಲ್ಲ.

ಡಿಸೆಂಬರಿನ ಚಳಿಗೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. 10 ಡಿಗ್ರಿ ಇಳಿದರೆ ಒಂದು, ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ಆಗ ನಿಜಕ್ಕೂ ಗಾಳಿ ಹಾಕಿಸಬೇಕು.